ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಹಿಡಿದುಕೊಂಡರೆ: ಬಿಡಿಭಾಗ ತರಿಸುವ ಮೊದಲು ದೋಷ ಪತ್ತೆ ಮಾಡುವ ಕ್ರಮ

ಪೆಡಲ್‌ನಿಂದ ಕಾಲು ತೆಗೆದ ಮೇಲೂ ಚಕ್ರ ಪೂರ್ತಿ ಸಡಿಲವಾಗದೆ ಡಿಸ್ಕನ್ನು ಒತ್ತುವ ಪ್ಯಾಡ್ ಅಥವಾ ಡ್ರಮ್ಮನ್ನು ಒಳಗಿನಿಂದ ಒತ್ತುವ ಲೈನರ್ ಉಜ್ಜುತ್ತಲೇ ಉಳಿದರೆ, ಬಳ್ಳಾರಿಯ ಗ್ಯಾರೇಜುಗಳಲ್ಲಿ ‘ಬ್ರೇಕ್ ಹಿಡಕೊಂಡೈತಿ’ ಎಂದು ಹೇಳಿ ನೇರವಾಗಿ ಚಕ್ರ ಬಿಚ್ಚಲು ಕೂರುತ್ತಾರೆ. ಲಾರಿಗೋ ದಿನನಿತ್ಯದ ಕಾರಿಗೋ ಇದು ನಡೆಯುತ್ತದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬದಲಿಸಿ ನೋಡಿದರೂ ಸರಿಹೋಗದಿದ್ದರೆ, ಪೆಡಲಿನ ಬಲವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರನ್ನು ಸಂಜೆಯೊಳಗೆ ತಂದು ಹಾಕಬಹುದು. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಅಥವಾ ಟ್ರಯಂಫ್ ಸ್ಪಿಟ್‌ಫೈರ್, ಅದೇ ಸ್ಪಿಟ್‌ಫೈರ್‌ಗೆ ಚಾಸಿಯ ಮೂಲ ಒದಗಿಸಿದ ಹೆರಾಲ್ಡ್, 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಇಂತಹ ಗಾಡಿಗಳಿಗೆ ಆ ಸೌಕರ್ಯವಿಲ್ಲ. ಒಂದು ಸೀಲ್ ಕಿಟ್ ಬೇಕಾದರೂ ದೊಡ್ಡ ನಗರಗಳ ವ್ಯಾಪಾರಿಗಳನ್ನೋ ಹೊರದೇಶದ ಅಂಗಡಿಯನ್ನೋ ಕೇಳಬೇಕಾಗುತ್ತದೆ, ಅದು ಬರುವವರೆಗೆ ಕಾರು ಕಟ್ಟೆಯ ಮೇಲೆ ನಿಲ್ಲುತ್ತದೆ. ಆದ್ದರಿಂದ ಏನನ್ನೂ ಬಿಚ್ಚದೆ, ಅಥವಾ ಅತಿ ಕಡಿಮೆ ಬಿಚ್ಚಿ, ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದೇ ಇಲ್ಲಿ ಕೆಲಸದ ಬಹುಪಾಲು.

ಆ ಖಚಿತತೆಗೆ ಬೇಕಾದ ಪ್ರಶ್ನೆ ಒಂದೇ. ಚಕ್ರವನ್ನು ಹಿಡಿದಿರುವುದು ಪೈಪಿನೊಳಗೆ ಸಿಕ್ಕಿಕೊಂಡ ಬ್ರೇಕ್ ಆಯಿಲ್‌ನ ಒತ್ತಡವೋ, ಅಥವಾ ತುಕ್ಕು, ಧೂಳು, ಕೇಬಲ್‌ಗಳಂತಹ ಯಾಂತ್ರಿಕ ಅಡ್ಡಿಯೋ? ಈ ಪ್ರಶ್ನೆಗೆ ಉತ್ತರ ಸಿಗುವುದು ಬ್ರೇಕ್ ಹಿಡಿದಿರುವ ಹೊತ್ತಿನಲ್ಲಿ ಮಾತ್ರ. ಕಾರನ್ನು ಗ್ಯಾರೇಜಿಗೆ ತಂದು ಬಿಟ್ಟು, ಮರುದಿನ ತಣ್ಣಗಾದ ಮೇಲೆ ಪರೀಕ್ಷಿಸಿದರೆ ಸಾಕ್ಷ್ಯವೆಲ್ಲ ಅಳಿಸಿಹೋಗಿರುತ್ತದೆ. ಚಕ್ರ ಸಲೀಸಾಗಿ ತಿರುಗುತ್ತದೆ, ಮೆಕ್ಯಾನಿಕ್ ‘ಏನೂ ಇಲ್ಲ’ ಎನ್ನುತ್ತಾನೆ, ಮುಂದಿನ ಭಾನುವಾರ ಅದೇ ತೊಂದರೆ ಮರುಕಳಿಸುತ್ತದೆ.

ಹಿಡಿತ ನಿಜವೇ ಎಂದು ನೋಡುವುದು

ಈ ಪರೀಕ್ಷೆಗೆ ನಮ್ಮ ಎರೆ ನೆಲದ ಬಯಲು ಹೇಳಿ ಮಾಡಿಸಿದಂತಿದೆ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ, ರಾಯಚೂರಿನಿಂದ ಮಾನ್ವಿಯ ಕಡೆಗೆ, ಕೊಪ್ಪಳದಿಂದ ಕುಷ್ಟಗಿಯ ಕಡೆಗೆ ಹೊರಟರೆ ಏರಿಳಿತ ಹೆಚ್ಚಿಲ್ಲದ ನೇರ ರಸ್ತೆಯ ತುಂಡುಗಳು ಸಿಗುತ್ತವೆ. ಅದಿರು ಲಾರಿಗಳ ಸಂಚಾರವಿರುವ ತೋರಣಗಲ್ಲಿನ ದಾರಿಯನ್ನು ಇದಕ್ಕೆ ಆರಿಸಿಕೊಳ್ಳಬಾರದು. ಸಂಡೂರಿನ ಘಟ್ಟವೂ ಬೇಡ, ಏಕೆಂದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇರಬೇಕಾಗುವುದರಿಂದ ಆರೋಗ್ಯವಂತ ಬ್ರೇಕ್ ಕೂಡ ಬಿಸಿಯಾಗುತ್ತದೆ. ಬೆಳಿಗ್ಗೆ ಬೇಗ ಹೊರಟು, ಹಿಂದೆ ಮುಂದೆ ಯಾರೂ ಇಲ್ಲದಾಗ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು, ಎಂಜಿನ್ ಆರಿಸದೆ, ಕಾರನ್ನು ಅದರ ಪಾಡಿಗೆ ಬಿಡಬೇಕು. ಸಡಿಲ ಚಕ್ರಗಳ ಕಾರು ನಿಧಾನವಾಗಿ, ಒಂದೇ ಸಮನೆ ವೇಗ ಕಳೆದುಕೊಳ್ಳುತ್ತದೆ. ಹಿಡಿದಿರುವ ಕಾರು ಯಾರೋ ಹಿಂದಕ್ಕೆ ಜಗ್ಗಿದಂತೆ ಬೇಗ ನಿಲ್ಲುತ್ತದೆ, ಕೊನೆಯ ಕೆಲವು ಮೀಟರುಗಳಲ್ಲಿ ಒಂದು ಪಕ್ಕಕ್ಕೆ ಎಳೆಯಲೂಬಹುದು. ಗಾಳಿಯ ಪರಿಣಾಮ ತೊಡೆದುಹಾಕಲು ಅದೇ ರಸ್ತೆಯಲ್ಲಿ ಎದುರು ದಿಕ್ಕಿನಲ್ಲಿಯೂ ಒಮ್ಮೆ ಬಿಟ್ಟು ನೋಡಬೇಕು.

ಬಳಿಕ ಎಂಟು ಹತ್ತು ಕಿಲೋಮೀಟರ್ ಬ್ರೇಕ್ ಆದಷ್ಟು ಕಡಿಮೆ ಬಳಸಿ ಓಡಿಸಿ, ಎಂಜಿನ್ ಬ್ರೇಕಿಂಗ್‌ನಿಂದಲೇ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಿಸಿ ಅಳೆಯಬೇಕು. ಗನ್ನಿನಂತಹ ಇನ್‌ಫ್ರಾರೆಡ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗಳಿಂದಲೇ ಸಿಗುತ್ತದೆ; ಇಂತಹ ಕಾರು ಇಟ್ಟುಕೊಂಡವರು ಅದನ್ನು ಕೊಳ್ಳದೆ ಇರುವುದಕ್ಕೆ ಕಾರಣವೇ ಇಲ್ಲ. ಆದರೆ ಅದನ್ನು ಬಳಸುವಲ್ಲಿ ಎರಡು ಎಚ್ಚರ ಬೇಕು. ಒಂದು, ಪ್ಯಾಡ್ ಉಜ್ಜಿ ಹೊಳೆಯುವ ಡಿಸ್ಕಿನ ಮೈಯನ್ನು ತೋರಿಸಿದರೆ ಉಪಕರಣ ನಿಜಕ್ಕಿಂತ ಕಡಿಮೆ ತಾಪ ತೋರಿಸುತ್ತದೆ. ಡಿಸ್ಕಿನ ನಡುವಿನ ತುಕ್ಕು ಬಣ್ಣದ ಭಾಗ ಅಥವಾ ಡ್ರಮ್ಮಿನ ಕಪ್ಪು ಹೊರಮೈಯನ್ನು ತೋರಿಸಬೇಕು, ಅದೂ ನಾಲ್ಕೂ ಕಡೆ ಒಂದೇ ಜಾಗವಾಗಿರಬೇಕು. ಎರಡನೆಯದು ನಮ್ಮ ಬಿಸಿಲಿಗೆ ಸಂಬಂಧಿಸಿದ್ದು. ಏಪ್ರಿಲ್ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತ ಬದಿಯ ಚಕ್ರ ನೆರಳಿನ ಬದಿಯದಕ್ಕಿಂತ ಬಿಸಿಯಾಗಿಯೇ ಇರುತ್ತದೆ, ಮಧ್ಯಾಹ್ನ ಅಳೆದರೆ ಇಲ್ಲದ ದೋಷವೊಂದು ಕಾಣಿಸಿಕೊಳ್ಳಬಹುದು. ಬೆಳಗಿನ ಜಾವದ ಅಳತೆಯೇ ನಂಬಿಕೆಗೆ ಅರ್ಹ.

ಹೋಲಿಸಬೇಕಾದದ್ದು ಒಂದೇ ಆಕ್ಸಲ್ಲಿನ ಎಡ ಬಲ ಚಕ್ರಗಳನ್ನು. ಮುಂದಿನದನ್ನು ಹಿಂದಿನದರೊಡನೆ ಅಲ್ಲ, ಏಕೆಂದರೆ ಮುಂದಿನ ಬ್ರೇಕುಗಳು ಸಹಜವಾಗಿಯೇ ಹೆಚ್ಚು ಕೆಲಸ ಮಾಡುತ್ತವೆ. ಎಡ ಬಲಗಳ ನಡುವೆ ಐದು ಹತ್ತು ಡಿಗ್ರಿ ವ್ಯತ್ಯಾಸವನ್ನು ಕಡೆಗಣಿಸಬಹುದು. ಮೂವತ್ತು ನಲವತ್ತು ಡಿಗ್ರಿ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ. ಬಿಸಿಯ ಕೇಂದ್ರ ಡಿಸ್ಕ್ ಅಥವಾ ಡ್ರಮ್ಮಿನಲ್ಲಿರದೆ ಹಬ್ಬಿನ ನಡುವಿನಲ್ಲಿದ್ದು, ಗ್ರೀಸ್ ಕರಗಿ ಹೊರಬಂದಿದ್ದರೆ ಬ್ರೇಕನ್ನು ಬಿಟ್ಟು ವೀಲ್ ಬೇರಿಂಗ್ ಅತಿಯಾಗಿ ಬಿಗಿಯಾಗಿದೆಯೇ ಎಂದು ಮೊದಲು ನೋಡಬೇಕು.

ಇನ್ನೊಂದು ಮಾತು. ಡಿಸ್ಕ್ ಬ್ರೇಕಿನ ಪ್ಯಾಡ್ ಬಿಟ್ಟ ಮೇಲೂ ಡಿಸ್ಕಿಗೆ ತೀರ ಸಮೀಪವೇ ಇರುತ್ತದೆ. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದಾಗ ‘ಸುಯ್’ ಎಂಬ ಸಣ್ಣ ಸದ್ದು ಕೇಳುವುದು ದೋಷವಲ್ಲ. ಎಂಜಿನ್ ಬಲ ಹಿಂದಿನ ಚಕ್ರಗಳಿಗೆ ಹೋಗುವ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಡಿಫರೆನ್ಷಿಯಲ್‌ನ ಭಾರವೂ ಸೇರಿರುವುದರಿಂದ ಅದು ಮುಂದಿನದರಷ್ಟು ಹಗುರವಾಗಿ ತಿರುಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಇದ್ದ ಪದ್ಮಿನಿಯಂತಹ ಗಾಡಿಗಳಲ್ಲಿ ಪಳಗಿದ ಕೈಗಳು ಈ ಸದ್ದನ್ನು ಕೇಳಿ ಕ್ಯಾಲಿಪರ್ ಬಿಚ್ಚಲು ಹೊರಡುವುದುಂಟು, ಆಗ ತಡೆಯಬೇಕು.

ಯಾವ ಚಕ್ರ, ಯಾವ ಹೊತ್ತು

ಪಾನಾ ಕೈಗೆತ್ತಿಕೊಳ್ಳುವ ಮೊದಲು ಲಕ್ಷಣಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಒಂದೇ ಚಕ್ರ ಹಿಡಿಯುತ್ತಿದ್ದರೆ ದೋಷ ಆ ಚಕ್ರದ ಬಳಿ, ಅಂದರೆ ಹೋಸ್ ಪೈಪ್, ಕ್ಯಾಲಿಪರ್ ಅಥವಾ ಡ್ರಮ್ಮಿನ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನಲ್ಲಿದೆ. ನಾಲ್ಕೂ ಹಿಡಿಯುತ್ತಿದ್ದರೆ ಪೆಡಲ್, ಮಾಸ್ಟರ್ ಸಿಲಿಂಡರ್, ಎಂಜಿನ್ನಿನ ನಿರ್ವಾತದಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್‌ಗಳತ್ತ ಹೋಗಬೇಕು. ಮುಂದಿನ ಎರಡು ಮಾತ್ರ ಅಥವಾ ಹಿಂದಿನ ಎರಡು ಮಾತ್ರ ಹಿಡಿದರೆ, ಎರಡು ಸರ್ಕ್ಯೂಟ್ (ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಆಯಿಲ್ ದಾರಿ) ಇರುವ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರಿನ ಒಂದು ಭಾಗ ಮಾತ್ರ ಕೆಟ್ಟಿರಬಹುದು. ಹಿಂದಿನವೆರಡಾದರೆ ಹ್ಯಾಂಡ್ ಬ್ರೇಕ್ ಕೇಬಲ್ ಮೊದಲ ಶಂಕಿತ.

ಹೊತ್ತಿನ ಲಕ್ಷಣ ಇನ್ನೂ ಹೆಚ್ಚು ಹೇಳುತ್ತದೆ. ಬೆಳಿಗ್ಗೆ ಹೊರಡುವಾಗ ಸರಿಯಿದ್ದು, ಓಡಿದಷ್ಟೂ ಪೆಡಲ್ ಮೇಲಕ್ಕೆ ಬಂದು ಗಟ್ಟಿಯಾಗುತ್ತ, ಮಧ್ಯಾಹ್ನದ ಬಿಸಿಲಲ್ಲಿ ಕಾರು ಎಳೆಯಲಾರದಂತಾಗಿ, ಗಂಟೆಗಟ್ಟಲೆ ನಿಲ್ಲಿಸಿದ ಮೇಲೆ ತಾನಾಗಿಯೇ ಬಿಡುತ್ತಿದ್ದರೆ, ಆಯಿಲ್ ಹಿಂದಿರುಗುವ ದಾರಿ ಮಾಸ್ಟರ್ ಸಿಲಿಂಡರಿನಲ್ಲಿ ಮುಚ್ಚಿಹೋಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಬಿಸಿಯಾದ ಆಯಿಲ್ ಹಿಗ್ಗುತ್ತದೆ. ಹಿಗ್ಗಿದ್ದು ಮಾಸ್ಟರ್ ಸಿಲಿಂಡರಿನ ಮೇಲಿನ ಆಯಿಲ್ ಡಬ್ಬಿಗೆ ಮರಳಲಾಗದೆ ಚಕ್ರಗಳನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ ಹೆಚ್ಚುತ್ತದೆ. ನಮ್ಮ ಬೇಸಿಗೆ ಈ ಸರಪಳಿಯನ್ನು ಬೇಗ ಬಿಗಿಯುತ್ತದೆ. ಎಂಜಿನ್ ಓಡುವಾಗ ಮಾತ್ರ ಹಿಡಿದು, ಆರಿಸಿ ಪೆಡಲನ್ನು ನಾಲ್ಕಾರು ಸಲ ಒತ್ತಿದ ಮೇಲೆ ಬಿಟ್ಟರೆ ಬೂಸ್ಟರಿನ ಕಡೆ ನೋಡಬೇಕು. ವಾರಗಟ್ಟಲೆ ನಿಂತ ಮೇಲೆ ಮೊದಲ ಸಲ ಕದಲಿಸುವಾಗ ಮಾತ್ರ ‘ಟಕ್’ ಎಂದು ಬಿಡುತ್ತಿದ್ದರೆ ಅದು ಡ್ರಮ್ಮಿಗೆ ಲೈನರ್ ತುಕ್ಕಿನಿಂದ ಅಂಟಿದ್ದು. ಭತ್ತದ ಗದ್ದೆಗಳ ತೇವ ಸುತ್ತಲೂ ಇರುವ ಗಂಗಾವತಿ, ಸಿಂಧನೂರಿನ ಕಡೆ, ಕಾರು ತೊಳೆದು ಹ್ಯಾಂಡ್ ಬ್ರೇಕ್ ಎಳೆದು ಶೆಡ್ಡಿಗೆ ಬಿಡುವವರಲ್ಲಿ ಇದು ಸಾಮಾನ್ಯ. ತೊಳೆದ ಮೇಲೆ ಒಂದು ಸುತ್ತು ಓಡಿಸಿ ಬ್ರೇಕ್ ಒಣಗಿಸಿ, ಹ್ಯಾಂಡ್ ಬ್ರೇಕ್ ಬದಲಿಗೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಈ ತೊಂದರೆಗೆ ಬೇರೆ ಔಷಧಿ ಬೇಡ.

ಕಾರನ್ನು ಎತ್ತುವಾಗ

ಅಂಗಳಕ್ಕೆ ಹಾಸಿದ ಕಡಪಾ ಕಲ್ಲು ಜಾಕಿನ ಭಾರಕ್ಕೆ ಬಿರಿಯುತ್ತದೆ, ಎರೆ ಮಣ್ಣು ಕುಸಿಯುತ್ತದೆ. ಕಾಂಕ್ರೀಟಿನ ಮೇಲೆ, ಅದಿಲ್ಲದಿದ್ದರೆ ಅಗಲವಾದ ದಪ್ಪ ಹಲಗೆಯ ಮೇಲೆ ಜಾಕ್ ಇಟ್ಟು, ಎತ್ತಿದ ಕೂಡಲೇ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಹ್ಯಾಂಡ್ ಬ್ರೇಕ್ ಬಿಟ್ಟು ಪರೀಕ್ಷಿಸಬೇಕಾಗುವುದರಿಂದ ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಬದಿ ಅಡ್ಡಗಲ್ಲು ಕಡ್ಡಾಯ. ಹಿಡಿದ ಡಿಸ್ಕ್ ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಅದರ ಮೇಲೆ ನೀರು ಸುರಿದು ತಣಿಸುವ ಅಭ್ಯಾಸ ಡಿಸ್ಕನ್ನು ಸೊಟ್ಟಗಾಗಿಸುತ್ತದೆ, ಸಾಕ್ಷ್ಯವನ್ನೂ ಕೆಡಿಸುತ್ತದೆ. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆಯಿರುವುದರಿಂದ ಡ್ರಮ್ಮಿನ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆಯಲೇಬಾರದು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು.

ಒಂದೇ ಚಕ್ರ ಹಿಡಿದಾಗ: ನಿಪ್ಪಲ್ ಪರೀಕ್ಷೆ

ಹಿಡಿದಿರುವ ಚಕ್ರವನ್ನು ಎತ್ತಿ, ಕೈಯಿಂದ ತಿರುಗದಿರುವುದನ್ನು ಖಚಿತಪಡಿಸಿಕೊಂಡು, ಏರ್ ತೆಗೆಯುವ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಕಣ್ಣಿಗೆ ಕನ್ನಡಕ ಇರಲಿ. ನಂತರ ರಿಂಗ್ ಪಾನಾದಿಂದ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಬೇಕು. ತೆರೆದ ಬಾಯಿಯ ಪಾನಾ ಹಾಕಿದರೆ ಹಳೆಯ ನಿಪ್ಪಲ್ಲಿನ ಮೂಲೆಗಳು ಸವೆದು ಹೊಸ ಸಮಸ್ಯೆ ಹುಟ್ಟುತ್ತದೆ.

ಆಗ ಆಯಿಲ್ ಚಿಮ್ಮಿ ಬಂದು ಚಕ್ರ ಕೂಡಲೇ ಸಡಿಲವಾದರೆ, ಚಕ್ರವನ್ನು ಹಿಡಿದಿದ್ದದ್ದು ಒತ್ತಡ. ಒಂದೆರಡು ಹನಿ ಸೋಸಿ ಚಕ್ರ ಹಿಡಿದಲ್ಲೇ ಉಳಿದರೆ, ಹಿಡಿದಿದ್ದದ್ದು ತುಕ್ಕು, ಕೇಬಲ್ ಅಥವಾ ಸಿಕ್ಕಿಕೊಂಡ ಪ್ಯಾಡ್. ಆಗ ಪೈಪುಗಳನ್ನೆಲ್ಲ ಬಿಟ್ಟು ನೇರವಾಗಿ ಕ್ಯಾಲಿಪರ್ ಅಥವಾ ಡ್ರಮ್ಮಿಗೆ ಹೋಗಬೇಕು. ಇಷ್ಟು ಸಣ್ಣ ಪರೀಕ್ಷೆ ಕೊಡುವಷ್ಟು ಸ್ಪಷ್ಟ ಉತ್ತರ ಈ ಇಡೀ ಕೆಲಸದಲ್ಲಿ ಬೇರೆಲ್ಲೂ ಸಿಗುವುದಿಲ್ಲ, ಆದರೂ ಇದನ್ನು ಮಾಡದೆಯೇ ಕ್ಯಾಲಿಪರ್ ಆರ್ಡರ್ ಮಾಡುವವರೇ ಹೆಚ್ಚು.

ಒತ್ತಡವೆಂದು ತಿಳಿದರೆ ಅದು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಮುಂದಿನ ಪ್ರಶ್ನೆ. ನಿಪ್ಪಲ್ ಬಿಗಿದು, ಡಬ್ಬಿಯಲ್ಲಿ ಆಯಿಲ್ ತುಂಬಿ, ಪೆಡಲ್ ಗಟ್ಟಿಯಾಗಿ ಒತ್ತಿ ಅಥವಾ ಇನ್ನೊಂದು ಸುತ್ತು ಓಡಿಸಿ ಚಕ್ರ ಮತ್ತೆ ಹಿಡಿಯುವಂತೆ ಮಾಡಬೇಕು. ಈಗ ಚಾಸಿಯ ಸ್ಟೀಲ್ ಪೈಪ್ ರಬ್ಬರ್ ಹೋಸಿಗೆ ಸೇರುವ ಮೇಲಿನ ಜೋಡಣೆಯನ್ನು, ಕೆಳಗೆ ಬಟ್ಟೆ ಹಿಡಿದು, ಮೆಲ್ಲಗೆ ಸಡಿಲಿಸಬೇಕು. ಅಲ್ಲಿ ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತಡೆ ಇನ್ನೂ ಮೇಲಿದೆ. ಅಲ್ಲಿ ಒತ್ತಡವೇ ಇಲ್ಲದೆ ಚಕ್ರ ಹಿಡಿದಲ್ಲೇ ಇದ್ದು, ಆಮೇಲೆ ಕೆಳಗಿನ ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ ದೋಷ ನಡುವಿನ ಹೋಸಿನಲ್ಲಿದೆ.

ಈ ರಬ್ಬರ್ ಹೋಸ್ ಹಳೆಯ ಕಾರುಗಳಲ್ಲಿ ಅತ್ಯಂತ ಮೋಸಗಾರ ಭಾಗ. ಹೊರಗೆ ಒಂದು ಬಿರುಕೂ ಇಲ್ಲದೆ ಹೊಸದರಂತೆ ಕಾಣುತ್ತಿದ್ದರೂ ಒಳಗಿನ ಪದರ ಊದಿಕೊಂಡು ಅಥವಾ ಕಿತ್ತು ಎದ್ದು ಒಂದೇ ದಿಕ್ಕಿನ ಕವಾಟದಂತೆ ವರ್ತಿಸುತ್ತದೆ. ಕಾಲಿನ ಬಲ ಆಯಿಲನ್ನು ಕೆಳಕ್ಕೆ ತಳ್ಳುತ್ತದೆ. ಮರಳಿ ಬರುವಾಗ ಅಂತಹ ಬಲವಿಲ್ಲದ್ದರಿಂದ ಆಯಿಲ್ ಅಲ್ಲೇ ಉಳಿಯುತ್ತದೆ. ಇಕ್ಕಳ ಅಥವಾ ವೈಸ್ ಪ್ಲೈಯರಿನಿಂದ ಹೋಸನ್ನು ಒತ್ತಿ ಹಿಡಿದು ಆಯಿಲ್ ನಿಲ್ಲಿಸುವ ರೂಢಿ ಒಳಪದರವನ್ನು ಹರಿಯುವುದರಿಂದ, ಇಂದು ಸರಿಯಿರುವ ಹೋಸ್ ನಾಳೆ ಹೀಗೆ ಕೆಡುತ್ತದೆ. ಹೋಸನ್ನು ಹಿಡಿದಿರುವ ಕಬ್ಬಿಣದ ಪಟ್ಟಿಯ ಒಳಗೆ ತುಕ್ಕು ಊದಿ ಹೊರಗಿನಿಂದ ಹಿಸುಕುವುದೂ ಉಂಟು, ಆ ಜಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಹೋಸನ್ನು ಬದಲಿಸುವಾಗ ಆ ಆಕ್ಸಲ್ಲಿನ ಎರಡನ್ನೂ ಬದಲಿಸುವುದೇ ಸರಿ. ಒಂದರಷ್ಟೇ ವಯಸ್ಸು ಇನ್ನೊಂದಕ್ಕೂ ಆಗಿರುತ್ತದೆ.

ಎಲ್ಲ ಚಕ್ರಗಳೂ ಹಿಡಿದಾಗ: ಪೆಡಲಿನಿಂದ ಕೆಳಕ್ಕೆ

ಇಲ್ಲಿ ಪೈಪು ಸಡಿಲಿಸುವ ಅವಸರ ಬೇಡ. ಮೊದಲು ಕಾರು ಹಿಡಿದಿರುವಾಗಲೇ ಪಾದದ ತುದಿಯಿಂದ ಪೆಡಲನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ನೋಡಬೇಕು. ಅದು ಸ್ವಲ್ಪ ಮೇಲೆ ಬಂದು ಬ್ರೇಕ್ ಬಿಟ್ಟರೆ ಪೆಡಲಿನ ಸ್ಪ್ರಿಂಗ್ ಸೋತಿದೆ, ಅಥವಾ ಪೆಡಲ್ ತಿರುಗುವ ಬುಷ್ ಒಣಗಿದೆ. ಬ್ರೇಕ್ ಲೈಟಿನ ಸ್ವಿಚ್ಚನ್ನು ಅತಿಯಾಗಿ ಮುಂದೆ ತಂದು ಕೂರಿಸಿದ್ದರೆ ಅದು ಪೆಡಲನ್ನು ಸದಾ ಸ್ವಲ್ಪ ಒತ್ತಿಯೇ ಇಟ್ಟಿರುತ್ತದೆ. ದಪ್ಪ ಮ್ಯಾಟ್ ಕೂಡ ಈ ಕೆಲಸ ಮಾಡಬಲ್ಲದು.

ಅನಂತರ ಕೈಯಿಂದ ಪೆಡಲ್ ಒತ್ತಿ, ಬ್ರೇಕ್ ತಾಗುವ ಮೊದಲಿನ ಸಡಿಲವನ್ನು, ಅಂದರೆ ಬಿಡುವನ್ನು, ನೋಡಬೇಕು. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಅದರ ರಬ್ಬರ್ ಬಕೆಟ್ (ಬಟ್ಟಲಿನಂತಹ ಸೀಲ್) ಒಂದು ಸೂಜಿ ತುದಿಯಷ್ಟು ಸಣ್ಣ ರಂಧ್ರವನ್ನು ದಾಟಿ ಹಿಂದೆ ನಿಲ್ಲುತ್ತದೆ. ಹಿಗ್ಗಿದ ಆಯಿಲ್ ಡಬ್ಬಿಗೆ ಮರಳುವುದು ಆ ರಂಧ್ರದ ಮೂಲಕ. ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಪುಶ್‌ರಾಡ್ ಉದ್ದವಾಗಿ ಹೊಂದಿಸಿದ್ದರೆ ಪಿಸ್ಟನ್ ಅಷ್ಟು ಹಿಂದಕ್ಕೆ ಬರಲಾರದು, ರಂಧ್ರ ಮುಚ್ಚಿಯೇ ಇರುತ್ತದೆ. ಬೂಸ್ಟರ್ ಇಲ್ಲದ ಗಾಡಿಗಳಲ್ಲಿ ರಾಡ್ ಮತ್ತು ಪಿಸ್ಟನ್ ನಡುವೆ ಸುಮಾರು 1 ಮಿಲಿಮೀಟರ್ ಬಿಡುವು ಇರಬೇಕು. ಪೆಡಲಿನ ತುದಿಯಲ್ಲಿ ಅದು ಕೆಲವು ಮಿಲಿಮೀಟರುಗಳಷ್ಟು ಸಡಿಲವಾಗಿ ಕೈಗೆ ತಿಳಿಯುತ್ತದೆ. ಬೂಸ್ಟರ್ ಜೊತೆಗಿರುವವುಗಳಲ್ಲಿ ಈ ಬಿಡುವು ಇನ್ನೂ ಕಡಿಮೆ, ಆ ಕಾರಿನ ಮ್ಯಾನುಯಲ್ಲಿನ ಅಳತೆಯನ್ನೇ ಪಾಲಿಸಬೇಕು. ಪೆಡಲ್ ಕೆಳಗೆ ಹೋಗುತ್ತದೆ ಎಂಬ ದೂರಿಗೆ ಯಾರೋ ಹಿಂದೆ ರಾಡನ್ನು ಉದ್ದ ಮಾಡಿ ಕೊಟ್ಟಿರುವುದು ಕೈ ಬದಲಾದ ಕಾರುಗಳಲ್ಲಿ ಅಪರೂಪವಲ್ಲ.

ರಂಧ್ರ ತೆರೆದಿದೆಯೇ ಎಂದು ಕಣ್ಣಾರೆ ಕಾಣಲೂಬಹುದು. ಡಬ್ಬಿಯ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಪೆಡಲನ್ನು ಮೆಲ್ಲನೆ ಒತ್ತಿಸಿದರೆ ಮೊದಲ ಕ್ಷಣದಲ್ಲಿ ಆಯಿಲಿನೊಳಗೆ ಸಣ್ಣ ಬುಗ್ಗೆಯೊಂದು ಏಳಬೇಕು. ಎದ್ದರೆ ರಂಧ್ರ ತೆರೆದಿದೆ. ಬುಗ್ಗೆ ಕಾಣದಿದ್ದರೆ ರಂಧ್ರ ಮುಚ್ಚಿದೆ, ಒಳಗೆ ಅಡ್ಡಗೋಡೆಯಿರುವ ಕೆಲವು ಡಬ್ಬಿಗಳಲ್ಲಿ ಮಾತ್ರ ಇದು ಗೋಚರಿಸುವುದಿಲ್ಲ. ಒತ್ತುವವರಿಗೆ ‘ಜೋರಾಗಿ ಬೇಡ, ಬೆರಳಲ್ಲಿ ಒತ್ತಿದ ಹಾಗೆ’ ಎಂದು ಮೊದಲೇ ಹೇಳಿಡಬೇಕು. ಜೋರಾದರೆ ಆಯಿಲ್ ಬಾನೆಟ್ಟಿನವರೆಗೂ ಚಿಮ್ಮಿ ಬಣ್ಣವನ್ನು ಕಿತ್ತುಹಾಕುತ್ತದೆ. ಚೆಲ್ಲಿದ ಕೂಡಲೇ ಬರೀ ಒರೆಸದೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ಕಾರು ಹಿಡಿದಿರುವಾಗ ಮಾಸ್ಟರ್ ಸಿಲಿಂಡರನ್ನು ಬಿಗಿದಿರುವ ಎರಡು ನಟ್ಟುಗಳನ್ನು ಸಡಿಲಿಸಿ, ಸಿಲಿಂಡರನ್ನು ಎರಡು ಮೂರು ಮಿಲಿಮೀಟರ್ ಮುಂದಕ್ಕೆ ಸರಿಸುವುದು ಇಲ್ಲಿನ ನಿರ್ಣಾಯಕ ಪರೀಕ್ಷೆ. ಆಗ ಚಕ್ರಗಳು ಬಿಟ್ಟರೆ ಸಿಲಿಂಡರಿನ ತಪ್ಪಿಲ್ಲ. ಅದರ ಹಿಂದಿರುವ ರಾಡ್, ಪೆಡಲ್ ಅಥವಾ ಬೂಸ್ಟರ್ ಅದನ್ನು ಒತ್ತಿ ಹಿಡಿದಿತ್ತು. ಬಿಡದಿದ್ದು, ಸಿಲಿಂಡರಿನಿಂದ ಹೊರಡುವ ಪೈಪಿನ ಜೋಡಣೆ ಸಡಿಲಿಸಿದಾಗ ಬಿಟ್ಟರೆ, ರಂಧ್ರ ಕಸದಿಂದ ಕಟ್ಟಿದೆ ಅಥವಾ ಬಕೆಟ್ ಊದಿದೆ. ಆಗ ಮಾತ್ರ ಮಾಸ್ಟರ್ ಕಿಟ್ಟಿಗೆ ಹಣ ಕಳುಹಿಸಬೇಕು.

ಬೂಸ್ಟರಿನ ವಿಚಾರ ಇಷ್ಟೇ. ಎಂಜಿನ್ ಓಡುವಾಗ ಹಿಡಿದಿದ್ದರೆ, ನಿಲ್ಲಿಸಿ, ವ್ಯಾಕ್ಯೂಮ್ ಪೈಪ್ ತೆಗೆದು, ಪೆಡಲ್ ಕೆಲವು ಸಲ ಒತ್ತಿ ಒಳಗಿನ ನಿರ್ವಾತ ಕಳೆದು ನೋಡಬೇಕು. ಹಿಡಿತ ಹೋದರೆ ಬೂಸ್ಟರಿನ ಒಳಕವಾಟ ಸಿಕ್ಕಿಕೊಂಡಿದೆ. ಪೆಡಲಿನ ಬಳಿಯಲ್ಲದೆ ಎಂಜಿನ್ ಕೋಣೆಯ ಬೇರೆಡೆ ಪೈಪಿನ ಮಧ್ಯದಲ್ಲಿ ಕೂರಿಸುವ ಹಳೆಯ ಬ್ರಿಟಿಷ್ ಶೈಲಿಯ ಬೂಸ್ಟರುಗಳಲ್ಲಿ ಒಳಗಿನ ಪಿಸ್ಟನ್ ತುಕ್ಕು ಹಿಡಿದು ಹಿಂದಿರುಗದಿರುವುದು ಸಾಮಾನ್ಯ. ಆಯಿಲ್ ಅದರೊಳಗೆ ಹೋಗದೆ ಪಕ್ಕದಿಂದ ಹಾದುಹೋಗುವಂತೆ ಪೈಪ್ ಜೋಡಿಸಿ ಪರೀಕ್ಷಿಸಿದರೆ ಸಂಶಯ ತೀರುತ್ತದೆ.

ಮೂಲ ಮಾಸ್ಟರ್ ಸಿಲಿಂಡರ್ ಸಿಗದೆ ಬೇರೆ ಗಾಡಿಯದನ್ನು ಹೊಂದಿಸಿರುವ ಕಾರುಗಳಲ್ಲಿ ಇನ್ನೊಂದು ಅಂಶ ನೋಡಬೇಕು. ನಾಲ್ಕೂ ಡ್ರಮ್ ಇದ್ದ ಹಳೆಯ ಗಾಡಿಗಳ ಅನೇಕ ಸಿಲಿಂಡರುಗಳ ಹೊರದಾರಿಯಲ್ಲಿ, ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಕವಾಟ ಇರುತ್ತದೆ. ಡ್ರಮ್ಮಿನಲ್ಲಿ ಬಲವಾದ ಸ್ಪ್ರಿಂಗುಗಳಿರುವುದರಿಂದ ಅದು ಬಾಧಿಸುವುದಿಲ್ಲ. ಡಿಸ್ಕಿಗೆ ಅಂತಹ ಸ್ಪ್ರಿಂಗ್ ಇಲ್ಲ. ಅದೇ ಸಿಲಿಂಡರನ್ನು ಮುಂದೆ ಡಿಸ್ಕ್ ಇರುವ ಕಾರಿಗೆ ಹಾಕಿದರೆ ಮುಂದಿನ ಚಕ್ರಗಳು ಮೊದಲ ದಿನದಿಂದಲೇ ಉಜ್ಜುತ್ತವೆ, ಎಷ್ಟು ಕ್ಯಾಲಿಪರ್ ಬದಲಿಸಿದರೂ ಸರಿಹೋಗುವುದಿಲ್ಲ.

ಬ್ರೇಕ್ ಆಯಿಲ್

ಎಲ್ಲ ಚಕ್ರಗಳೂ ಹಿಡಿಯುತ್ತಿದ್ದು ಡಬ್ಬಿಯ ಮುಚ್ಚಳದ ಒಳಗಿನ ರಬ್ಬರ್ ಊದಿ ಮೆತ್ತಗಾಗಿದ್ದರೆ, ಯಾರೋ ಎಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಸುರಿದಿದ್ದಾರೆ ಎಂದು ಶಂಕಿಸಬೇಕು. ಡಬ್ಬಿಯಿಂದ ಕೆಲವು ಹನಿಗಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದರೆ ಸರಿಯಾದ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಎಂಜಿನ್ ಆಯಿಲಿನಂತಹ ಖನಿಜ ಎಣ್ಣೆ ಮೇಲೆ ತೇಲುತ್ತದೆ. ಸಿಲಿಕೋನ್ ಆಧಾರಿತ ಡಾಟ್ 5 ಕೂಡ ನೀರಿಗೆ ಬೆರೆಯುವುದಿಲ್ಲವಾದ್ದರಿಂದ, ಹಿಂದಿನ ಮಾಲೀಕರು ಅದನ್ನು ಹಾಕಿದ್ದರೇ ಎಂದು ವಿಚಾರಿಸಿಕೊಳ್ಳಬೇಕು. ಖನಿಜ ಎಣ್ಣೆ ಬೆರೆತಿದ್ದು ಖಚಿತವಾದರೆ ಅರ್ಧ ಪರಿಹಾರ ಎಂಬುದಿಲ್ಲ. ಪೈಪುಗಳನ್ನು ತೊಳೆದು, ಮಾಸ್ಟರಿನಿಂದ ಹಿಡಿದು ಚಕ್ರದವರೆಗಿನ ಪ್ರತಿಯೊಂದು ರಬ್ಬರನ್ನೂ, ಹೋಸುಗಳನ್ನೂ ಸೇರಿಸಿ, ಬದಲಿಸಬೇಕಾಗುತ್ತದೆ.

ಹೊಸ ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ, ಡಾಟ್ 4ರದು 230 ಡಿಗ್ರಿ. ತೇವ ಹೀರಿದ ಮೇಲೆ ಇವು ಕ್ರಮವಾಗಿ 140 ಮತ್ತು 155ಕ್ಕೆ ಇಳಿಯಬಹುದು. ಹಿಡಿದ ಬ್ರೇಕಿನ ಬಿಸಿಗೆ ಹಳೆಯ ಆಯಿಲ್ ಕುದಿದು ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುವ ಅಪಾಯ ಇರುವುದು ಇಲ್ಲಿಯೇ. ಬ್ರೇಕ್ ಹಿಡಿದಿರುವುದು ಗೊತ್ತಾದ ಮೇಲೆ ‘ಹೊಸಪೇಟೆವರೆಗೆ ಹೇಗೋ ಹೋಗಿಬಿಡೋಣ’ ಎನ್ನುವುದು ಆದ್ದರಿಂದ ಸರಿಯಲ್ಲ.

ಕ್ಯಾಲಿಪರ್ ಬಿಚ್ಚಬೇಕಾಗಿ ಬಂದಾಗ

ಪಿಸ್ಟನ್ನಿನ ಸುತ್ತಲಿನ ಚೌಕ ಅಂಚಿನ ಸೀಲ್ ಒತ್ತಿದಾಗ ಸ್ವಲ್ಪ ವಾಲಿ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಬಿಡಿಸುವ ಶಕ್ತಿ ಬಹುಮಟ್ಟಿಗೆ ಅಷ್ಟೇ ಇರುವುದರಿಂದ ಸ್ವಲ್ಪ ತುಕ್ಕು, ಸ್ವಲ್ಪ ಧೂಳೂ ಸಾಕು. ಬಳ್ಳಾರಿ, ಸಂಡೂರು ಸುತ್ತಲಿನ ಕೆಂಧೂಳು ಅತಿ ನುಣ್ಣಗಿದ್ದು, ಹರಿದ ರಬ್ಬರ್ ಕವಚದೊಳಗೆ ಹೊಕ್ಕು ಗ್ರೀಸಿನೊಂದಿಗೆ ಸೇರಿ ಉಜ್ಜುವ ಪೇಸ್ಟಿನಂತಾಗುತ್ತದೆ. ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಸುತ್ತ ಹಾರುಬೂದಿಯೂ ಇದೇ ಕೆಲಸ ಮಾಡುತ್ತದೆ.

ಪ್ಯಾಡುಗಳನ್ನು ತೆಗೆದು, ನಿಪ್ಪಲ್ ಸಡಿಲಿಸಿ, ಜಿ ಕ್ಲಾಂಪಿನಿಂದ ಪಿಸ್ಟನ್ನನ್ನು ಒಳಕ್ಕೆ ಒತ್ತಿ ನೋಡಬೇಕು. ಒಂದೇ ಸಮನೆ ಜಾರಿದರೆ ಚೆನ್ನಾಗಿದೆ. ತಡೆದು ತಡೆದು ಹೋದರೆ, ಅಥವಾ ಎರಡು ಪಿಸ್ಟನ್‌ಗಳಲ್ಲಿ ಒಂದು ಕದಲದಿದ್ದರೆ, ಅದರ ಹೊರ ಅಂಚಿನ ಕ್ರೋಮ್ ಕಿತ್ತು ತುಕ್ಕು ಹಿಡಿದಿದೆ. ಪಾಲಿಷ್ ಪೇಪರಿನಿಂದ ಉಜ್ಜಿ ಮತ್ತೆ ಹಾಕುವುದು ಕೆಲವು ತಿಂಗಳ ಪರಿಹಾರ. ಗುಳಿ ಬಿದ್ದ ಪಿಸ್ಟನ್ ಬದಲಿಸುವುದೇ ಮೇಲು. ಎಂ.ಜಿ.ಬಿ., ಸ್ಪಿಟ್‌ಫೈರ್‌ಗಳಲ್ಲಿರುವಂತೆ ಎರಡೂ ಬದಿ ಪಿಸ್ಟನ್ ಇರುವ ಕ್ಯಾಲಿಪರುಗಳ ಎರಡು ಅರ್ಧಗಳನ್ನು ಬಿಗಿದ ಬೋಲ್ಟುಗಳಿಗೆ, ನಡುವಿನ ಸಣ್ಣ ಸೀಲ್ ಕೈಯಲ್ಲಿಲ್ಲದೆ, ಪಾನಾ ಹಾಕಬಾರದು. ಒಂದೇ ಬದಿ ಪಿಸ್ಟನ್ ಇದ್ದು ಜಾರುವ ಪಿನ್ನುಗಳ ಮೇಲೆ ಕೂರುವ ಕ್ಯಾಲಿಪರಾದರೆ ಒಳಪ್ಯಾಡ್ ಹೊರಪ್ಯಾಡಿಗಿಂತ ಬಹಳ ಸವೆದಿರುವುದೇ ಪಿನ್ ಒಣಗಿದ್ದಕ್ಕೆ ಗುರುತು. ಪ್ಯಾಡ್ ಕೂರುವ ಚಡಿಯಲ್ಲಿ ತುಕ್ಕು ಕಟ್ಟಿದ್ದರೆ ಕೆರೆದು ತೆಗೆದರೆ ಸಾಕು. ಪಿನ್ನಿಗೂ ಸೀಲಿಗೂ ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಅಥವಾ ಕೆಂಪು ರಬ್ಬರ್ ಗ್ರೀಸ್ ಬಳಸಬೇಕು, ಬೇರಿಂಗಿಗೆ ತುಂಬುವ ಗ್ರೀಸ್ ಸವರಿದರೆ ರಬ್ಬರ್ ಊದುತ್ತದೆ.

ಹಿಂದಿನ ಡ್ರಮ್

ಹ್ಯಾಂಡ್ ಬ್ರೇಕ್ ಕೇಬಲನ್ನು ಚಕ್ರದ ಬಳಿಯ ಲಿವರಿನಿಂದ ಕಳಚಿದಾಗ ಚಕ್ರ ಬಿಟ್ಟರೆ ಡ್ರಮ್ ಬಿಚ್ಚುವ ಅಗತ್ಯವೇ ಇಲ್ಲ. ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದಿದೆ ಅಥವಾ ಅತಿಯಾಗಿ ಬಿಗಿದಿದೆ. ಸವೆದ ಲೈನರಿನ ಕೊರತೆಯನ್ನು ಕೇಬಲ್ ಬಿಗಿದು ತುಂಬುವುದು ಎಲ್ಲ ಕಡೆ ಕಾಣುವ ತಪ್ಪು. ಸರಿಯಾದ ಕ್ರಮದಲ್ಲಿ, ಕೇಬಲ್ ಸಡಿಲವಿದ್ದಾಗಲೇ ಹಿಂಬದಿಯ ಅಡ್ಜಸ್ಟರನ್ನು ಚಕ್ರ ಲಾಕ್ ಆಗುವವರೆಗೆ ತಿರುಗಿಸಿ, ಅದು ಮುಕ್ತವಾಗಿ ತಿರುಗುವವರೆಗೆ ಒಂದೆರಡು ಕ್ಲಿಕ್ ಹಿಂದಕ್ಕೆ ಬಿಟ್ಟು, ಕೊನೆಯಲ್ಲಿ ಕೇಬಲಿನ ಸಡಿಲವನ್ನು ತೆಗೆಯಬೇಕು.

ಕೇಬಲಿನ ದೋಷವಲ್ಲದಿದ್ದರೆ ಡ್ರಮ್ ತೆಗೆದು ಮೂರು ಜಾಗ ನೋಡಬೇಕು. ಶೂ ಒರಗುವ ಹಿಂತಟ್ಟೆಯ ಉಬ್ಬುಗಳಲ್ಲಿ ಗೀರು ಬಿದ್ದು ಶೂ ಅಲ್ಲಿ ಸಿಕ್ಕಿಕೊಳ್ಳುತ್ತಿದೆಯೇ, ರಿಟರ್ನ್ ಸ್ಪ್ರಿಂಗುಗಳು ಸೋತು ಅವುಗಳ ಸುರುಳಿಗಳ ನಡುವೆ ಬೆಳಕು ಕಾಣುತ್ತಿದೆಯೇ, ವೀಲ್ ಸಿಲಿಂಡರಿನ ಪಿಸ್ಟನ್ ಬೆರಳಿನ ಒತ್ತಡಕ್ಕೆ ಒಳಹೋಗುತ್ತಿದೆಯೇ. ಸ್ಪಿಟ್‌ಫೈರ್ ಮತ್ತು ಹೆರಾಲ್ಡ್‌ಗಳ ಹಿಂದಿನ ವೀಲ್ ಸಿಲಿಂಡರ್ ಹಿಂತಟ್ಟೆಗೆ ಬಿಗಿದಿರುವುದಿಲ್ಲ, ಅಲ್ಲಿನ ಸೀಳಿನಲ್ಲಿ ಹಿಂದೆ ಮುಂದೆ ಜಾರಬೇಕು. ಅದು ಜಾರದಿದ್ದರೆ ಒಂದು ಶೂ ಮಾತ್ರ ಸವೆಯುತ್ತದೆ, ಹ್ಯಾಂಡ್ ಬ್ರೇಕ್ ಬಿಡುವುದಿಲ್ಲ. ಈ ವಿನ್ಯಾಸ ಪರಿಚಯವಿಲ್ಲದ ಮೆಕ್ಯಾನಿಕ್ ಅದು ಸಡಿಲವಾಗಿದೆಯೆಂದು ಭಾವಿಸಿ ಬಿಗಿಮಾಡಿಬಿಡುವ ಸಂಭವವಿರುವುದರಿಂದ ಮೊದಲೇ ತಿಳಿಸಿಡಬೇಕು.

ದುರಸ್ತಿಯ ಬಳಿಕ

ಯಾವ ಜೋಡಣೆ ಸಡಿಲಿಸಿದ್ದರೂ ಹೊಸ ಆಯಿಲಿನಿಂದ ಏರ್ ತೆಗೆದು, ಪೆಡಲ್ ಗಟ್ಟಿಯಾದ ಮೇಲೆಯೇ ರಸ್ತೆಗಿಳಿಯಬೇಕು. ಹಿಡಿದ ಬಿಸಿಗೆ ಪ್ಯಾಡಿನ ಮೈ ಗಾಜಿನಂತೆ ಹೊಳಪಾಗಿದ್ದರೆ, ಡಿಸ್ಕ್ ನೀಲಿಗಟ್ಟಿದ್ದರೆ, ಮೂಲ ದೋಷ ಸರಿಯಾದರೂ ಅವನ್ನು ಉಳಿಸಿಕೊಳ್ಳಬಾರದು. ಆ ಚಕ್ರದ ಬೇರಿಂಗಿನ ಗ್ರೀಸನ್ನೂ ಹೊಸದಾಗಿ ತುಂಬಬೇಕು. ನಂತರ ಮೊದಲಿನ ಅದೇ ರಸ್ತೆಯಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ ನಾಲ್ಕೂ ಚಕ್ರಗಳ ತಾಪವನ್ನು ಮತ್ತೆ ಅಳೆದು ಹಳೆಯ ಹಾಳೆಯ ಪಕ್ಕದಲ್ಲೇ ಬರೆದಿಡಬೇಕು. ಬೆಳಿಗ್ಗೆ ಸರಿಬಂದ ಕಾರನ್ನು ಒಮ್ಮೆ ಮಧ್ಯಾಹ್ನದ ಬಿಸಿಲಲ್ಲಿ, ಬಳ್ಳಾರಿಯ ಸಂಗಂ ಸರ್ಕಲ್ಲಿನಂತಹ ವಾಹನ ದಟ್ಟಣೆಯಲ್ಲಿ ನಿಂತು ಹೊರಡುತ್ತ ಅರ್ಧ ಗಂಟೆ ಓಡಿಸಿ, ಪೆಡಲಿನ ಬಿಡುವು ಹಾಗೆಯೇ ಉಳಿದಿದೆಯೇ ಎಂದು ಕೈಯಿಂದ ಒತ್ತಿ ನೋಡಬೇಕು. ಉಳಿದಿಲ್ಲದಿದ್ದರೆ ಪುಶ್‌ರಾಡಿನ ಅಳತೆಯಿಂದ ಪರೀಕ್ಷೆಯನ್ನು ಮತ್ತೆ ಆರಂಭಿಸಬೇಕು.